ಸಂದಿಯಲ್ಲಿ ನಡೆಯುವ ಕಥೆ: ಪದವಿ ತರಗತಿಯಲ್ಲಿ ಕಾಮಿಕ್ಸ್ ಓದು



ಕನ್ನಡ ಅಧ್ಯಾಪಕಿಯೊಬ್ಬಳನ್ನು ದತ್ತಿ ಉಪನ್ಯಾಸಕ್ಕೆ ಕರೆದರೆ ಪಂಪನ ಬಗ್ಗೆಯೋ ವಚನಗಳ ಬಗ್ಗೆಯೋ ಮಾತಾಡುತ್ತಾಳೆ ಎಂದು ಎಣಿಸುವುದು ಸಹಜ. ಕಾಮಿಕ್ಸ್ ಬಗ್ಗೆ ಮಾತಾಡುತ್ತೇನೆ ಎಂದು ನಾನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಒಂದು ಗಳಿಗೆ ಸದ್ದಿರಲಿಲ್ಲ. ಆಮೇಲೆ ‘ಆಗಲಿ ಮೇಡಂ, ನಿಮ್ಮಿಷ್ಟ’ ಎಂಬ ಮಾತು ಬಂತು. ಆ ಒಂದು ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಏನು ಓಡಿರಬಹುದು ಎಂದು ನಾನು ಊಹಿಸಿಕೊಂಡೆ. ಈಗ ನೀವೂ ಊಹಿಸಿಕೊಳ್ಳುತ್ತಿದ್ದೀರಿ. ಎರಡು ಮಾತುಗಳ ನಡುವೆ ಖಾಲಿ ಉಳಿದ ಜಾಗವನ್ನು ಕೇಳುವವರೇ ತುಂಬಿಕೊಳ್ಳುವ ಈ ಕೆಲಸ ನನ್ನ ಇವತ್ತಿನ ವಿಷಯ.

ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಕೆಲವು ವರ್ಷಗಳಿಂದ ಚಿತ್ರಕಥೆಯ ಓದು ಮತ್ತು ರಚನೆಯನ್ನು ಮುಕ್ತ ಆಯ್ಕೆಯ ಪತ್ರಿಕೆಯಾಗಿ ಪಾಠ ಮಾಡುತ್ತಿದ್ದೇನೆ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುವವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮೊದಲ ವರ್ಷ ಹೆಸರು ಬರೆಸಿದವರಲ್ಲಿ ಬಹಳ ಮಂದಿ ಅದು ಸಿನಿಮಾ ಪಾಠ ಎಂದುಕೊಂಡು ಬಂದಿದ್ದರು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಂದು ಪರದೆಯ ಮೇಲೆ ಓದಿ ಬೆಳೆದವರು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ಕಾಮಿಕ್ಸ್ ಎಂಬ ಪದವನ್ನೇ ನಾನು ಇಟ್ಟುಕೊಂಡಿದ್ದರೆ ಆ ಗೊಂದಲ ಇರುತ್ತಿರಲಿಲ್ಲ. ಆದರೆ ಆ ಪದದಲ್ಲಿ ನಗೆಯ ವಾಸನೆ ಇದೆ, ಪಠ್ಯಕ್ರಮದ ಸಭೆಯಲ್ಲಿ ಅದು ದಾಟುವುದಿಲ್ಲ ಎಂದು ಹೆದರಿದ್ದೆ.

ಆ ಸಭೆಯಲ್ಲಿ ನಾನು ಕೊಟ್ಟ ಒಂದು ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ‘ಪದವಿಗೆ ಬಂದ ಮೇಲೂ ಚಿತ್ರದ ಪುಸ್ತಕವೇ?’ ಎಂದು ಹಿರಿಯರೊಬ್ಬರು ಕೇಳಿದರು. ಓದಿನ ರುಚಿ ಇಲ್ಲದ ಮಕ್ಕಳನ್ನು ಸಾಹಿತ್ಯದ ಕಡೆಗೆ ಎಳೆದು ತರಲು ಇದು ಒಳ್ಳೆಯ ದಾರಿ ಎಂದೆ. ಎಲ್ಲರೂ ತಲೆದೂಗಿದರು, ಪತ್ರಿಕೆ ಮಂಜೂರಾಯಿತು. ಆದರೆ ನಾನು ಹೇಳಿದ್ದು ತಪ್ಪು. ಕಹಿ ಮದ್ದು ಕುಡಿಸಲು ಮೊದಲು ನಾಲಿಗೆಗೆ ಹಚ್ಚುವ ಬೆಲ್ಲವಲ್ಲ ಇದು. ಹಳಗನ್ನಡ ಕಾವ್ಯವನ್ನು ಓದಲು ಹೇಗೆ ಒಂದು ತರಬೇತಿ ಬೇಕೋ ಹಾಗೆಯೇ ಇದಕ್ಕೂ ಬೇಕು. ಆ ತರಬೇತಿ ಇಲ್ಲದವರ ಕಣ್ಣು ಒಂದು ಪುಟವನ್ನು ಹತ್ತು ಸೆಕೆಂಡಿನಲ್ಲಿ ಸವರಿ, ಕಥೆ ಗೊತ್ತಾಯಿತು ಎಂದು ಮುಂದೆ ಓಡುತ್ತದೆ. ಹಾಗೆ ಓಡುವ ಕಣ್ಣನ್ನು ನಿಲ್ಲಿಸುವುದೇ ಈ ಪಾಠದ ಕೆಲಸ ಎಂಬುದು ನನಗೆ ಪಾಠ ಮಾಡುತ್ತ ಮಾಡುತ್ತ ತಿಳಿಯಿತು.

ಮೊದಲ ದಿನ ನಾನು ಪುಸ್ತಕ ತೆರೆಯುವುದಿಲ್ಲ. ಬೋರ್ಡಿನ ಮೇಲೆ ಎರಡು ಚೌಕ ಎಳೆಯುತ್ತೇನೆ. ಮೊದಲನೆಯದರಲ್ಲಿ ಒಂದು ಮರ, ಕೆಳಗೆ ನಿಂತು ಮೇಲೆ ನೋಡುತ್ತಿರುವ ಒಬ್ಬ ಹುಡುಗ. ಎರಡನೆಯದರಲ್ಲಿ ಅದೇ ಹುಡುಗ, ಕೈಗೆ ಪಟ್ಟಿ, ಕುತ್ತಿಗೆಯಿಂದ ಜೋಳಿಗೆಯ ಹಾಗೆ ಇಳಿಬಿಟ್ಟ ಬಟ್ಟೆ. ಏನಾಯಿತು ಎಂದು ಕೇಳಿದರೆ ಇಡೀ ತರಗತಿ ಒಟ್ಟಿಗೆ ‘ಬಿದ್ದ’ ಎನ್ನುತ್ತದೆ. ಬಿದ್ದದ್ದು ಎಲ್ಲಿದೆ, ಬಂದು ತೋರಿಸಿ ಎನ್ನುತ್ತೇನೆ. ಒಬ್ಬರು ಎದ್ದು ಬಂದು ಎರಡು ಚೌಕಗಳ ನಡುವಿನ ಖಾಲಿ ಬೋರ್ಡಿನ ಮೇಲೆ ಬೆರಳಿಡುತ್ತಾರೆ. ಯಾವ ಮರ ಎಂದು ಕೇಳುತ್ತೇನೆ. ಒಬ್ಬಳಿಗೆ ಅದು ಮಾವು. ಇನ್ನೊಬ್ಬನಿಗೆ ನೇರಳೆ, ಯಾಕೆಂದರೆ ನೇರಳೆಯ ಕೊಂಬೆಯನ್ನು ನಂಬಬಾರದು ಎಂದು ಅವನ ಅಜ್ಜಿ ಹೇಳಿದ್ದಾಳೆ. ನಾನು ಬರೆದದ್ದು ಎಲೆ ಹಣ್ಣು ಒಂದೂ ಇಲ್ಲದ ಬರೀ ಮರ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ, ‘ಬಿದ್ದಿಲ್ಲ ಮೇಡಂ, ಮರ ಹತ್ತಿದ ಅಂತ ಅವರಪ್ಪ ಹೊಡೆದದ್ದು’ ಎಂದ. ತರಗತಿ ತಣ್ಣಗಾಯಿತು. ಅದೇ ಎರಡು ಚಿತ್ರ, ಅದೇ ಖಾಲಿ ಜಾಗ. ಅದರೊಳಗೆ ಆ ಹುಡುಗ ಕಂಡದ್ದು ಬೇರೆ ಕಥೆ.

ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಅನ್ನು ಕಾಮಿಕ್ಸ್ ರೂಪದಲ್ಲೇ ವಿವರಿಸುವ ಪುಸ್ತಕವೊಂದನ್ನು ತಂದರು. ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಯೇ ಈ ಕಲೆಯ ಜೀವ, ಓದುಗ ಅಲ್ಲಿ ಲೇಖಕನ ಜೊತೆಗಾರನಾಗುತ್ತಾನೆ ಎಂಬುದು ಅದರ ಮುಖ್ಯ ವಾದ. ಇಂಗ್ಲಿಷಿನಲ್ಲಿ ಆ ಪಟ್ಟಿಗೆ ಚರಂಡಿ ಎಂದೂ ಅರ್ಥವಿರುವ ಪದವಿದೆ. ಕನ್ನಡದಲ್ಲಿ ಏನೆನ್ನೋಣ ಎಂದು ತರಗತಿಯಲ್ಲಿ ಕೇಳಿದೆ. ‘ಸಂದಿ’ ಎಂದರು. ಎರಡು ಮನೆಗಳ ಗೋಡೆಯ ನಡುವೆ ಒಬ್ಬರೇ ನುಸುಳುವಷ್ಟು ಜಾಗ ಇರುತ್ತದಲ್ಲ, ಆ ಸಂದಿ. ಅದಕ್ಕಿಂತ ಒಳ್ಳೆಯ ಪದ ಸಿಗದು ಎಂದು ಅದನ್ನೇ ಬೋರ್ಡಿನ ಮೇಲೆ ಬರೆದೆ.

ನಮ್ಮ ವಿಭಾಗದಲ್ಲಿ ವ್ಯಾಕರಣ ಪಾಠ ಮಾಡುತ್ತಿದ್ದ ಹಿರಿಯ ಮೇಷ್ಟ್ರೊಬ್ಬರಿದ್ದರು, ಈಗ ನಿವೃತ್ತರು. ಬೋರ್ಡ್ ಒರೆಸದೆ ನಾನು ಹೊರಗೆ ಬಂದಿದ್ದೆ, ಅವರು ಮುಂದಿನ ಪಾಠಕ್ಕೆ ಒಳಗೆ ಹೋದರು. ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತ, ‘ಅಲ್ಪಪ್ರಾಣ ಬರೆದಿದ್ದೀರಿ, ಮಹಾಪ್ರಾಣ ಮಾಡಿದರೂ ಸರಿಹೋಗುತ್ತೆ’ ಎಂದರು. ಸಂದಿ ಅಲ್ಲ, ಸಂಧಿ. ನಾನು ನಕ್ಕೆ. ಅವರು ನಗಲಿಲ್ಲ. ಕೈ ತೊಳೆದು ಬಂದು ಹಾಳೆಯೊಂದರ ಮೇಲೆ ಬರೆದು ತೋರಿಸಿದರು. ಈ ಪತ್ರಿಕೆಯಲ್ಲಿ ನಾನು ಇವತ್ತು ಏನು ಪಾಠ ಮಾಡುತ್ತೇನೋ ಅದರ ಬುನಾದಿ ಆ ಹಾಳೆ.

ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ನಡುವಿನ ಉಕಾರ ಬಿದ್ದುಹೋಗುತ್ತದೆ, ಅದು ಲೋಪ. ಹುಡುಗ ಮರ ಹತ್ತಿದ್ದು, ಕಾಲು ಜಾರಿದ್ದು, ಕೂಗಿದ್ದು ಎಲ್ಲ ನನ್ನ ಎರಡು ಚೌಕಗಳ ನಡುವೆ ಹೀಗೆಯೇ ಬಿದ್ದುಹೋಗಿದೆ. ಓದುವವರಿಗೆ ಅದು ಇತ್ತು ಎಂದು ಗೊತ್ತು. ಮನೆ ಮತ್ತು ಅನ್ನು ಸೇರಿದಾಗ ಎರಡರಲ್ಲೂ ಇಲ್ಲದ ಯಕಾರ ಎಲ್ಲಿಂದಲೋ ಬಂದು ಕೂರುತ್ತದೆ, ಅದು ಆಗಮ. ಒಂದು ಚೌಕದಲ್ಲಿ ಜಗಲಿಯ ಮೇಲಿನ ಖಾಲಿ ಕುರ್ಚಿ, ಮುಂದಿನದರಲ್ಲಿ ಅಂಗಳದಲ್ಲಿ ಸುರಿಯುವ ಮಳೆ. ಕುರ್ಚಿಯಲ್ಲೂ ದುಃಖವಿಲ್ಲ, ಮಳೆಯಲ್ಲೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಮಕ್ಕಳು ಹೇಳುತ್ತಾರೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಏನೂ ಬೀಳುವುದಿಲ್ಲ, ಹೊಸದು ಬರುವುದೂ ಇಲ್ಲ. ಪಕ್ಕದ ಪದ ತಾಗಿದ್ದಕ್ಕೆ ಕಕಾರ ಗಕಾರವಾಗುತ್ತದೆ. ಇದು ಆದೇಶ. ಇದನ್ನು ತೋರಿಸಲು ನಾನು ಒಬ್ಬ ಹೆಂಗಸಿನ ಒಂದೇ ಮುಖವನ್ನು ಎರಡು ಪ್ರತಿ ಜೆರಾಕ್ಸ್ ಮಾಡಿಸುತ್ತೇನೆ. ಒಂದರ ಹಿಂದಿನ ಚೌಕದಲ್ಲಿ ತೊಟ್ಟಿಲು, ಇನ್ನೊಂದರ ಹಿಂದಿನ ಚೌಕದಲ್ಲಿ ಪೊಲೀಸ್ ಜೀಪು. ಎರಡನೆಯ ಮುಖದ ಹುಬ್ಬು ಗಂಟಾಗಿದೆ ಎಂದು ತರಗತಿ ವಾದಿಸುತ್ತದೆ. ಎರಡು ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ ಮೇಲೆಯೇ ನಂಬುವುದು.

ಹಾಳೆಯ ಕೊನೆಯಲ್ಲಿ ಮೇಷ್ಟ್ರು ಪ್ರಕೃತಿಭಾವವನ್ನೂ ಸೇರಿಸಿದ್ದರು. ‘ಅಣ್ಣಾ ಓಡಿ ಬಾ’ ಎಂಬಲ್ಲಿ ಎರಡು ಸ್ವರಗಳು ಎದುರಾದರೂ ಕೂಡಿಕೊಳ್ಳದೆ ಹಾಗೆಯೇ ನಿಲ್ಲುತ್ತವೆ. ಎರಡು ಚಿತ್ರಗಳೂ ಕೆಲವೊಮ್ಮೆ ಹಾಗೆ ನಿಲ್ಲುತ್ತವೆ; ಎಷ್ಟು ತಿಣುಕಿದರೂ ಅವುಗಳ ನಡುವೆ ಕಥೆ ಹುಟ್ಟುವುದಿಲ್ಲ. ಬೇರೆ ಭಾಷೆಯ ಶಾಸ್ತ್ರದಲ್ಲಿ ಇದಕ್ಕೆಲ್ಲ ಬೇರೆ ಹೆಸರುಗಳಿವೆ, ಅವನ್ನೂ ಕಲಿಸುತ್ತೇನೆ. ಆದರೆ ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ವ್ಯಾಕರಣ ಚಿತ್ರವೊಂದರ ಮೇಲೆ ಕೆಲಸ ಮಾಡುವುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಬೆಳಕು ಆ ಹೆಸರುಗಳಿಂದ ಬರುವುದಿಲ್ಲ.

ಈ ಪ್ರಕಾರದ ಮೂಲವನ್ನು ಹುಡುಕಿ ಹೋದರೆ ಸಿಗುವವರೂ ಒಬ್ಬ ಮೇಷ್ಟ್ರೇ. ಜಿನೀವಾದ ರೊಡಾಲ್ಫ್ ಟಾಪ್ಫರ್ ವಸತಿ ಶಾಲೆ ನಡೆಸುತ್ತಿದ್ದವರು, ಆಮೇಲೆ ಅಲ್ಲಿನ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾದವರು. ತಮ್ಮ ಹುಡುಗರ ಸಂತೋಷಕ್ಕಾಗಿ ಸಾಲು ಚಿತ್ರಗಳಲ್ಲಿ ಕಥೆ ಬರೆದರು. ಮುದಿ ವಯಸ್ಸಿನ ಜರ್ಮನ್ ಕವಿ ಗಯಟೆ ಆ ಹಸ್ತಪ್ರತಿಗಳನ್ನು ನೋಡಿ ಮೆಚ್ಚಿದ. 1830ರ ದಶಕದಲ್ಲಿ ಅವು ಅಚ್ಚಾದವು. ಚಿತ್ರವನ್ನು ತೆಗೆದರೆ ಮಾತಿಗೆ ಅರ್ಥವಿಲ್ಲ, ಮಾತು ತೆಗೆದರೆ ಚಿತ್ರ ಮಸುಕು ಎಂಬ ತಿಳಿವಳಿಕೆ ಅವರಿಗೆ ಆಗಲೇ ಇತ್ತು. ನೂರೈವತ್ತು ವರ್ಷಗಳ ನಂತರ ನ್ಯೂಯಾರ್ಕಿನ ಕಲಾಶಾಲೆಯೊಂದರಲ್ಲಿ ಕಾಮಿಕ್ಸ್ ಕಲಿಸುತ್ತಿದ್ದ ವಿಲ್ ಐಸ್ನರ್ ತಮ್ಮ ಪಾಠಗಳನ್ನೇ 1985ರಲ್ಲಿ ಪುಸ್ತಕ ಮಾಡಿದರು. ಜಪಾನಿನ ಕ್ಯೋಟೊ ಸೈಕಾ ವಿಶ್ವವಿದ್ಯಾಲಯ 2006ರಲ್ಲಿ ಮಾಂಗಾ ಎಂಬ ಜಪಾನೀ ಕಾಮಿಕ್ಸ್‌ಗೆಂದೇ ಪ್ರತ್ಯೇಕ ನಿಕಾಯ ತೆರೆಯಿತು. ಪದವಿ ತರಗತಿಯಲ್ಲಿ ಇದೇನು ಹೊಸದು ಎಂದು ಕೇಳುವವರಿಗೆ ಇಷ್ಟು ಸಾಕು.

ನಮ್ಮ ತರಗತಿಯ ಅತ್ಯುತ್ತಮ ಪಾಠ ನಡೆಯುವುದು ಕಾಲೇಜಿನ ಹೊರಗೆ, ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಅದು. ಕವಿಚಕ್ರವರ್ತಿ ಜನ್ನನ ಪದ್ಯಗಳಿರುವ ಶಾಸನ ಅಲ್ಲಿರುವುದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಹೋಗಿಬರುವುದುಂಟು. ನಾವು ಹೋಗುವುದು ಮಂಟಪದ ಹೊರಗೋಡೆಗಾಗಿ. ಅಲ್ಲಿ 140 ಫಲಕಗಳಿವೆ. ದಕ್ಷಿಣದ ಕಡೆ 70ರಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಬೇರೆ ಹೊಯ್ಸಳ ಗುಡಿಗಳ ಕಿರು ಪಟ್ಟಿಕೆಗಳಿಗಿಂತ ಇವು ದೊಡ್ಡವು, ಕಣ್ಣೆತ್ತರದಲ್ಲಿ ನಿಂತು ಓದಬಹುದು.

ಮೊದಲ ಸಲ ಹೋದಾಗ ಮಕ್ಕಳು ಅಭ್ಯಾಸದಂತೆ ಪ್ರದಕ್ಷಿಣೆ ಹಾಕುತ್ತ ರಾಮಾಯಣ ಓದಲು ಹೊರಟರು. ಸ್ವಲ್ಪ ಹೊತ್ತಿನಲ್ಲೇ ತಕರಾರು ಶುರುವಾಯಿತು. ಕಥೆ ಹಿಂದುಮುಂದಾಗಿದೆ, ಮುಂದಿನ ಫಲಕಕ್ಕೆ ಹೋದರೆ ಹಿಂದಿನ ಸಂಗತಿ ಬರುತ್ತಿದೆ. ಒಬ್ಬಳು ನಿಂತಲ್ಲಿಂದಲೇ ತಿರುಗಿ, ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯತೊಡಗಿದಳು. ಸರಿಹೋಯಿತು. ಅಮೃತಾಪುರದ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ; ಹೊಯ್ಸಳ ಶಿಲ್ಪದಲ್ಲಿ ಅದು ಅಪರೂಪ. ಉತ್ತರದ ಗೋಡೆಯ ಕೃಷ್ಣನೂ ಪಾಂಡವರೂ ರೂಢಿಯಂತೆ ಪ್ರದಕ್ಷಿಣವಾಗಿಯೇ ನಡೆಯುತ್ತಾರೆ. ಇಷ್ಟು ಪುಸ್ತಕಗಳಲ್ಲಿ ಇದೆ. ಪುಸ್ತಕದಲ್ಲಿ ನಾನು ಕಾಣದ ಒಂದು ಸಂಗತಿ ಆ ಬಿಸಿಲಿನಲ್ಲಿ ನಮಗೆ ಹೊಳೆಯಿತು. ಪ್ರದಕ್ಷಿಣೆ ಬರುವವರಿಗೆ ದೇವಸ್ಥಾನ ಯಾವಾಗಲೂ ಬಲಗಡೆ. ಆ ಗೋಡೆಗೆ ಮುಖಮಾಡಿ ನಿಂತರೆ ಮುಂದಿನ ಹೆಜ್ಜೆ ಎಡಕ್ಕೆ ಬೀಳುತ್ತದೆ, ಎಂದರೆ ಕಥೆ ಬಲದಿಂದ ಎಡಕ್ಕೆ ಓಡುತ್ತದೆ. ಅಪ್ರದಕ್ಷಿಣವಾಗಿ ಬಂದರೆ ಎಡದಿಂದ ಬಲಕ್ಕೆ, ನಾವು ಕನ್ನಡ ಓದುವ ಹಾಗೆ. ಹಾಗಾದರೆ ಅಮೃತಾಪುರದ ರಾಮಾಯಣ ಅಕ್ಷರದ ದಿಕ್ಕಿನಲ್ಲಿದೆ, ಮಹಾಭಾರತ ಪಾದದ ದಿಕ್ಕಿನಲ್ಲಿದೆ. ಜಪಾನಿನ ಮಾಂಗಾ ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಬೆರಗಾಗಿದ್ದ ಹುಡುಗರು ಉತ್ತರದ ಗೋಡೆಯ ಮುಂದೆ ಸುಮ್ಮನೆ ನಿಂತರು. ಶಿಲ್ಪಿ ಹೀಗೇಕೆ ಮಾಡಿದ ಎಂಬುದಕ್ಕೆ ನಾನು ಕಾರಣ ಕಟ್ಟಿ ಹೇಳಲಾರೆ. ಆದರೆ ಓದುವುದು ಕಣ್ಣಿನ ಕೆಲಸ ಮಾತ್ರವಲ್ಲ, ಕಾಲಿನ ಕೆಲಸವೂ ಹೌದು, ಪುಟ ತಿರುಗಿಸುವ ಕೈಯ ಕೆಲಸವೂ ಹೌದು ಎಂದು ಅವರಿಗೆ ಅಂದು ನಾನು ಹೇಳಬೇಕಾಗಿ ಬರಲಿಲ್ಲ.

ಚಿತ್ರದ ಜೊತೆ ಮಾತು ಸೇರುವ ಬಗೆಗೂ ನಮ್ಮ ನೆಲದಲ್ಲಿ ಹಳೆಯ ಸಾಕ್ಷಿ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ ಪರಿವಾರದೊಡನೆ ನಿಂತ ಒಬ್ಬ ರಾಜನ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿಯಲ್ಲಿ ಎರಡೇ ಪದ: ರಾಯ ಅಸೋಕೋ. ಆ ಎರಡು ಪದ ಇಲ್ಲದಿದ್ದರೆ ಅವನು ಯಾವನೋ ಒಬ್ಬ ಅರಸನಾಗಿ ಉಳಿಯುತ್ತಿದ್ದ. ಇದ್ದುದರಿಂದ ಅವನು ಅಶೋಕ. ಚಿತ್ರದ ತಲೆಯ ಮೇಲೆ ಬರೆಯುವ ಒಂದು ಸಾಲು ಎಷ್ಟು ಕೆಲಸ ಮಾಡಬಹುದು, ಎಲ್ಲಿ ಅದು ಬೇಡ ಎಂಬ ಚರ್ಚೆಯನ್ನು ನಾನು ಆರಂಭಿಸುವುದು ಈ ಶಿಲ್ಪದಿಂದ. ನಮ್ಮ ಮಾತನ್ನೇ ನೋಡಿ. ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಸಾಕಾಗಿದೆ. ಬೇರೆ ಮಾಡಿದ್ದು ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳು.

ಅಚ್ಚಿನ ಕಾಲಕ್ಕೆ ಬಂದರೆ ಕನ್ನಡದ ಪಾಲು ಸಣ್ಣದಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಅಮರ ಚಿತ್ರ ಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಆ ಸರಣಿಯ ಆರಂಭವನ್ನು ಸಾಮಾನ್ಯವಾಗಿ 1967 ಎನ್ನುತ್ತಾರೆ. ಆದರೆ ಇಂಗ್ಲಿಷಿನ ಮೊದಲ ಪುಸ್ತಕವಾದ ‘ಕೃಷ್ಣ’ನ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಹೋದವು? ಅವು ಪಶ್ಚಿಮದ ಕಿನ್ನರ ಕಥೆಗಳು, 1965ರಲ್ಲಿ ಬಂದದ್ದು ಕನ್ನಡದಲ್ಲಿ ಎಂದು ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಇಡೀ ದೇಶದ ಮಕ್ಕಳು ಓದಿದ ಒಂದು ಸರಣಿಯ ಚರಿತ್ರೆಯಲ್ಲಿ ಕನ್ನಡ ಹೀಗೆ ಲೋಪವಾಗಿ ಕೂತಿದೆ.

ಆ ಸರಣಿಯನ್ನು ನಾನು ಪ್ರೀತಿಯಿಂದಲೇ ಪಾಠ ಮಾಡುತ್ತೇನೆ, ಪ್ರಶ್ನೆಗಳನ್ನು ಬಿಡುವುದಿಲ್ಲ. ಮಾತಿನ ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ, ಇದರಲ್ಲಿ ಒಳ್ಳೆಯವರು ಯಾರು ಕೆಟ್ಟವರು ಯಾರು ಎಂದು ಕೇಳುತ್ತೇನೆ. ತಡವರಿಸುವವರೇ ಇಲ್ಲ. ಹೇಗೆ ಗೊತ್ತಾಯಿತು ಎಂದರೆ ಮೈಬಣ್ಣ ಎನ್ನುತ್ತಾರೆ. ಬಣ್ಣ ಅಳಿಯಲಿ ಎಂದು ಕಪ್ಪುಬಿಳುಪು ಜೆರಾಕ್ಸ್ ಕೊಟ್ಟರೆ ಹುಬ್ಬು, ಮೂಗು, ಹೊಟ್ಟೆ ನೋಡಿ ಅಸುರರನ್ನು ಹೇಳುತ್ತಾರೆ. ಆಮೇಲೆ ಯಾರೋ ಒಬ್ಬರು, ಸಾಮಾನ್ಯವಾಗಿ ಕಪ್ಪು ಬಣ್ಣದ ಹುಡುಗಿಯೊಬ್ಬಳು, ‘ಹಾಗಾದರೆ ನಾನು?’ ಎಂದು ಕೇಳುತ್ತಾಳೆ. ಬಾಲ್ಯದಲ್ಲಿ ಪ್ರಶ್ನೆಯಿಲ್ಲದೆ ಒಳಗೆ ಇಳಿದುಬಿಟ್ಟ ಚಿತ್ರವನ್ನು ಹೊರಗೆ ತೆಗೆದು ನೋಡುವುದಕ್ಕೆ ಇಪ್ಪತ್ತನೆಯ ವಯಸ್ಸು ಸರಿಯಾದ ವಯಸ್ಸು. ಪದವಿ ತರಗತಿಗೆ ಇದೇಕೆ ಎಂದವರಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಇದು.

ಚಿತ್ರಕ್ಕೆ ಜನ ಹೆದರುವುದೂ ಅದರ ಈ ಬಲಕ್ಕಾಗಿಯೇ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದರು. ಅದೇ ವರ್ಷ ಪ್ರಕಾಶಕರು ತಮ್ಮ ಮೇಲೆ ತಾವೇ ಕಟ್ಟುಪಾಡು ಹಾಕಿಕೊಂಡರು. ತಂದೆ ಬದುಕಿ ಉಳಿದುಬಂದ ನಾಜಿ ಯಾತನಾ ಶಿಬಿರದ ಕಥೆಯನ್ನು ಇಲಿ ಬೆಕ್ಕುಗಳ ರೂಪದಲ್ಲಿ ಹೇಳಿದ ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ಗೆ 1992ರಲ್ಲಿ ವಿಶೇಷ ಪುಲಿಟ್ಸರ್ ಪ್ರಶಸ್ತಿ ಬಂತು. ಮೂವತ್ತು ವರ್ಷಗಳ ನಂತರ ಟೆನೆಸಿಯ ಒಂದು ಶಾಲಾ ಮಂಡಳಿ ಅದನ್ನು ಪಠ್ಯದಿಂದ ತೆಗೆಯಿತು.

ಕನ್ನಡದಲ್ಲಿ ಕಾಮಿಕ್ಸ್ ಮಾಡಲು ಕೂತಾಗ ಎದುರಾಗುವ ಒಂದು ತೊಡಕನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಬರೆದಂತೆ ಕಾಣೆ. ಇಂಗ್ಲಿಷ್ ಕಾಮಿಕ್ಸ್‌ನ ಮಾತೆಲ್ಲ ಸಾಮಾನ್ಯವಾಗಿ ದೊಡ್ಡಕ್ಷರಗಳಲ್ಲಿ ಇರುತ್ತದೆ. ಅವುಗಳಿಗೆ ತಲೆಯ ಮೇಲೆ ಕೊಂಬಿಲ್ಲ, ಕಾಲ ಕೆಳಗೆ ಬಾಲವಿಲ್ಲ; ಸಾಲಿಗೆ ಸಾಲು ಒತ್ತಿ ಕೂರಿಸಬಹುದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಇಳಿಯಬೇಕು. ‘ಸ್ತ್ರೀ’ ಎಂದು ಬರೆದು ನೋಡಿ. ಇಂಗ್ಲಿಷಿಗಾಗಿ ಎಳೆದ ಗುಳ್ಳೆಯೊಳಗೆ ಕನ್ನಡ ಅನುವಾದವನ್ನು ತುರುಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅದಕ್ಕೇ ನನ್ನ ಮಕ್ಕಳಿಗೆ ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ ಎಂದು ಹೇಳುತ್ತೇನೆ. ಸದ್ದಿನ ವಿಷಯದಲ್ಲಂತೂ ನಾವು ಶ್ರೀಮಂತರು. ಅನುವಾದಗಳಲ್ಲಿ ಬಾಂಬು ಸಿಡಿಯುವುದೂ ಬಾಗಿಲು ಬಡಿಯುವುದೂ ಇಂಗ್ಲಿಷಿನಲ್ಲೇ ಉಳಿದುಬಿಡುತ್ತದೆ. ಅನುಕರಣಾವ್ಯಯ ಎಂದು ವ್ಯಾಕರಣದಲ್ಲಿ ಅಧ್ಯಾಯವೇ ಇರುವ ಭಾಷೆ ನಮ್ಮದು. ಧಡಾರನೆ, ದಬಕ್ಕನೆ, ಚುರ್ರೆಂದು, ಜುಳುಜುಳು, ಧೋ ಎಂದು. ಒಂದು ವಾರ ಮನೆಯಲ್ಲಿ ಕೇಳಿದ ಸದ್ದುಗಳನ್ನು ಬರೆದು ತರಲು ಹೇಳುತ್ತೇನೆ. ಕಣ್ಣು ಪಿಳಿಪಿಳಿ ಬಿಡುವುದು, ದೀಪ ಮಿಣಮಿಣ ಉರಿಯುವುದು ಎಂದು ಒಬ್ಬ ಬರೆದು ತಂದಿದ್ದ. ಎರಡಕ್ಕೂ ಸದ್ದೇ ಇಲ್ಲ, ಆದರೂ ಕನ್ನಡ ಅವುಗಳಿಗೆ ಸದ್ದು ಕೊಟ್ಟಿದೆ. ಚಿತ್ರ ಬರೆಯುವವರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಇನ್ನೇನು ಬೇಕು.

ಚೌಕವನ್ನು ಇಷ್ಟು ಹೊತ್ತು ಹೊಗಳಿದ ಮೇಲೆ, ಚೌಕವೇ ಬೇಡ ಎಂದವರ ಬಗ್ಗೆಯೂ ಹೇಳಬೇಕು. ಅಂಬೇಡ್ಕರ್ ಬದುಕಿನ ಅಸ್ಪೃಶ್ಯತೆಯ ಪ್ರಸಂಗಗಳನ್ನು ಹೇಳುವ ‘ಭೀಮಾಯಣ’ 2011ರಲ್ಲಿ ಬಂತು. ಚಿತ್ರ ಬರೆದವರು ಪರಧಾನ್ ಗೊಂಡ್ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ತಮ್ಮ ಮನೆಗಳ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸವನ್ನೇ ಪುಟದ ಮೇಲೆ ಹರಿಯಬಿಟ್ಟು, ಅದರ ಬಳುಕಿನಲ್ಲಿ ಪ್ರಸಂಗದಿಂದ ಪ್ರಸಂಗಕ್ಕೆ ದಾರಿ ಮಾಡಿದರು. ಮೃದುವಾದ ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಾರುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ. ಈ ಪುಟಗಳನ್ನು ನೋಡಿದ ಮರುವಾರ ಸಾಗರದ ಕಡೆಯ ಒಬ್ಬ ಹುಡುಗಿ ತನ್ನ ಕಥೆಗೆ ಹಸೆ ಚಿತ್ತಾರದ ಅಂಚು ಹಾಕಿ ತಂದಳು. ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಚಿತ್ತಾರ. ಅವಳ ಅಜ್ಜಿ ಬರೆಯುತ್ತಿದ್ದರಂತೆ. ಕಾಲೇಜಿನಲ್ಲಿ ಅದಕ್ಕೆ ಅಂಕ ಸಿಗಬಹುದು ಎಂದು ಅವಳಿಗೆ ಅಲ್ಲಿಯವರೆಗೆ ತೋಚಿರಲಿಲ್ಲ.

ಅಂಕದ ಮಾತು ಬಂತು. ಚಿತ್ರ ಬರೆಯಲು ಬಾರದವರಿಗೆ ಏನು ಮಾಡುತ್ತೀರಿ ಎಂದು ಎಲ್ಲ ಕಡೆ ಕೇಳುತ್ತಾರೆ. ಗೆರೆಯ ಅಂದಕ್ಕೆ ನಾನು ಒಂದು ಅಂಕವನ್ನೂ ಇಟ್ಟಿಲ್ಲ. ಕಡ್ಡಿಯ ಮನುಷ್ಯರು ಸಾಕು. ಪರೀಕ್ಷೆಯಲ್ಲಿ ಒಂದು ಪುಟ ಕೊಟ್ಟು, ಮೂರನೆಯ ಮತ್ತು ನಾಲ್ಕನೆಯ ಚೌಕದ ನಡುವೆ ಎಷ್ಟು ಹೊತ್ತು ಕಳೆದಿದೆ, ಯಾವ ಆಧಾರದಿಂದ ಹೇಳುತ್ತೀರಿ ಎಂದು ಕೇಳುತ್ತೇನೆ. ಲೋಟದ ಮೇಲಿನ ಹಬೆ ಹೋಗಿದೆ, ನೆರಳು ಕಿಟಕಿಯಿಂದ ಬಾಗಿಲಿಗೆ ಸರಿದಿದೆ ಎಂದು ಬರೆದವರಿಗೆ ಪೂರ್ತಿ ಅಂಕ. ಸೆಮಿಸ್ಟರಿನ ಕೊನೆಗೆ ಎಲ್ಲರೂ ತಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಒಂದೇ ಪುಟದಲ್ಲಿ ಹೇಳಬೇಕು.

ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ ಗೆರೆ ಹಾಕಿದ ನೋಟ್‌ಪುಸ್ತಕದ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ಆರು ಚೌಕ ಬರೆದು ತಂದಳು. ಮೊದಲನೆಯದರಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿರುವ ಎರಡು ಕೈ. ಎರಡನೆಯದರಲ್ಲಿ ಹೆಬ್ಬೆರಳು ಮಾತ್ರ, ಚೌಕದ ತುಂಬ, ಅಡಿಕೆಯ ಕಲೆ ಕೂತು ಕಪ್ಪಾಗಿದೆ. ಬೆರಳಿನ ಗೆರೆ ಇರಬೇಕಾದಲ್ಲಿ ಅವಳು ಏನೂ ಬರೆದಿಲ್ಲ. ಮೂರನೆಯದರಲ್ಲಿ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಆ ಹೆಬ್ಬೆರಳು. ನಾಲ್ಕನೆಯದರಲ್ಲಿ ಯಂತ್ರದ ಪುಟ್ಟ ಪರದೆ, ಅದರಲ್ಲಿ ಒಂದು ಅಡ್ಡಗುರುತು. ಐದನೆಯ ಚೌಕ ಖಾಲಿ. ಆರನೆಯದರಲ್ಲಿ ಮಡಿಸಿದ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದು ಹೋಗುವ ಒಬ್ಬ ಹೆಂಗಸಿನ ಬೆನ್ನು. ಎಲ್ಲಿಯೂ ಒಂದು ಮಾತಿಲ್ಲ.

ಐದನೆಯದು ಬರೆಯಲು ಹೊತ್ತು ಸಾಲಲಿಲ್ಲವೇ ಎಂದು ಕೇಳಿದೆ. ‘ಇಲ್ಲ ಮೇಡಂ, ಅಲ್ಲಿ ಅಮ್ಮ ಏನೂ ಮಾತಾಡ್ಲಿಲ್ಲ’ ಎಂದಳು. ವ್ಯಾಕರಣದ ಮೇಷ್ಟ್ರಿಗೆ ಆ ಹಾಳೆ ತೋರಿಸಿ, ಇದು ಯಾವ ಸಂಧಿ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಹೆಸರು ಹೇಳಲಿಲ್ಲ.

ಆ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಎಲ್ಲರ ಪುಟಗಳನ್ನೂ ಗ್ರಂಥಾಲಯದ ಗೋಡೆಗೆ ಅಂಟಿಸಿದ್ದೆವು. ಆ ಹುಡುಗಿಯ ತಾಯಿ ಬಂದಿದ್ದರು. ಅವರಿಗೆ ಓದಲು ಬಾರದು. ಮಗಳ ಪುಟದ ಮುಂದೆ ನಿಂತು ಮೊದಲ ಚೌಕದಿಂದ ಬೆರಳಿಟ್ಟು ನೋಡುತ್ತ ಬಂದವರು ಮೂರನೆಯದರಲ್ಲಿ ನಿಂತರು. ‘ಒಂದೇ ಸಲ ಒತ್ತಿದ ಹಾಗೆ ಬರ್ದಿದ್ದೀಯಲ್ಲೇ. ನಾನು ಮೂರು ಸಲ ಒತ್ತಿದ್ದು. ಮೊದ್ಲು ಬಲಗೈ, ಆಮೇಲೆ ಎಡಗೈ, ಆಮೇಲೆ ಸೀರೆಗೆ ಒರೆಸ್ಕೊಂಡು ಮತ್ತೆ ಬಲಗೈ.’ ಖಾಲಿ ಚೌಕದ ಬಗ್ಗೆ ಅವರು ಏನೂ ಕೇಳಲಿಲ್ಲ. ಮಗಳು ನನ್ನ ಹತ್ತಿರ ಪೆನ್ನು ಮತ್ತು ಒಂದು ಬಿಳಿ ಹಾಳೆ ಕೇಳಿ ಪಡೆದು, ನೆಲದ ಮೇಲೆ ಕೂತು ಎಲ್ಲವನ್ನೂ ಮತ್ತೆ ಬರೆದಳು. ಈಗ ನನ್ನ ಬಳಿ ಇರುವ ಪುಟದಲ್ಲಿ ಎಂಟು ಚೌಕಗಳಿವೆ. ಖಾಲಿ ಇರುವುದು ಏಳನೆಯದು.